ರೆಜಿನಳಿಗೆ ಹೊಡೆದ ಗಂಟೆ

ನಮ್ಮೂರಿನ ಇಗರ್ಜಿಯ ಗಂಟೆ ಮುನಿಸಿಕೊಂಡವರಿಗೆ ಕೇಳಿಸುವುದಿಲ್ಲ. ಯಾರ ಮೇಲಾದರೂ ಮುನಿಸು ಹುಟ್ಟಿತೋ, ಅದು ಇಳಿಯುವವರೆಗೆ ಆ ಮನುಷ್ಯನ ಪಾಲಿಗೆ ಗಂಟೆ ಮೂಗಿ. ಕಾಗೆ ಕೂಗುವುದು ಕೇಳಿಸುತ್ತದೆ, ಹಾಲಿನವನ ಸೈಕಲ್ ಬೆಲ್ಲು ಕೇಳಿಸುತ್ತದೆ, ಇದೊಂದು ಕೇಳಿಸುವುದಿಲ್ಲ. ಯಾಕೆ, ಹೇಗೆ ಅಂತ ನನ್ನ ತಲೆ ತಿನ್ನಬೇಡಿ. ಮೂವತ್ತೆರಡು ವರ್ಷದಿಂದ ಆ ಗಂಟೆಯ ಹಗ್ಗ ಎಳೆಯುತ್ತಿರುವವಳು ನಾನು, ತೆಕ್ಲಮ್ಮ. ನನಗೇ ಗೊತ್ತಿಲ್ಲದ್ದು ನಿಮಗೇಕೆ.

ಇಗರ್ಜಿ ಸಂತ ಯಾಗಪ್ಪರ ಹೆಸರಿನದು, ಇನ್ನೂರು ವರ್ಷದ್ದು. ಗೋಡೆಗಳು ಎರಡು ಮೊಳ ದಪ್ಪ. ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೀರು ಕಲಸಿ ಕಟ್ಟಿದ್ದಾರೆ. ಆ ಬೆಲ್ಲದ ಆಸೆಗೆ ಇರುವೆಗಳು ಇವತ್ತಿಗೂ ಪೀಠದ ಹಿಂದಿನ ಗೋಡೆ ಬಿಟ್ಟಿಲ್ಲ. ಸ್ವಾಮಿಗಳು ನಿಂತು ಪ್ರಸಂಗ ಮಾಡುವ ಹಲಸಿನ ಮರದ ಕಟಾಂಜನಕ್ಕೆ ಗಿಣಿ, ಸೀತಾಫಲ ಕೆತ್ತಿದ್ದಾರೆ. ಕೆತ್ತಿದ ಬಡಗಿಗಳು ಅದಕ್ಕೆ ಮೊದಲು ತೊಟ್ಟಿಲು ಬಿಟ್ಟು ಬೇರೇನೂ ಮಾಡಿದವರಲ್ಲವಂತೆ. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ಹದಿನಾಲ್ಕು ಚಿತ್ರಗಳಲ್ಲಿ ರೋಮಿನ ಸಿಪಾಯಿಗಳೆಲ್ಲ ನಮ್ಮ ಕಡೆಯ ಪೇಟ ಸುತ್ತಿಕೊಂಡಿದ್ದಾರೆ, ಒಬ್ಬನಂತೂ ಎಲೆಯಡಿಕೆ ಜಗಿಯುತ್ತಿದ್ದಾನೆ. ಗಂಟೆ ಮಾತ್ರ ಹೊರದೇಶದ್ದು. ಹಡಗಿನಲ್ಲಿ ಬಂದು, ಆಮೇಲೆ ಆರು ಜೋಡಿ ಕೋಣ ಕಟ್ಟಿದ ಗಾಡಿಯಲ್ಲಿ ಊರು ಸೇರಿತು. ನಮ್ಮಲ್ಲಿ ಗಂಟೆಗೂ ನೀರು ಹಾಕಿ, ಎಣ್ಣೆ ಹಚ್ಚಿ, ಕೂಸಿಗೆ ಇಟ್ಟ ಹಾಗೆ ಹೆಸರಿಡುತ್ತಾರೆ. ಇವಳ ಹೆಸರು ಕ್ಲಾರ.

ಇಗರ್ಜಿಗೆ ಎರಡು ಬಾಗಿಲು. ದೊಡ್ಡದು ಬೀದಿಗೆ, ಚಿಕ್ಕದು ಉತ್ತರದ ಗೋಡೆಗೆ. ಚಿಕ್ಕದಕ್ಕೆ ಮುನಿಸಿನ ಬಾಗಿಲು ಅನ್ನುತ್ತೇವೆ. ಗಂಟೆ ಕೇಳಿಸದೆ ತಡವಾಗಿ ಬಂದವರು ಪೂಜೆಗೆ ಅದರಿಂದ ನುಸುಳಿಕೊಂಡು ಒಳಗೆ ಬರಬೇಕು. ಇಷ್ಟು ವರ್ಷದಲ್ಲಿ ಜನ ಇದಕ್ಕೆಲ್ಲ ಒಗ್ಗಿಹೋಗಿದ್ದಾರೆ. ಗಂಡು ನೋಡಲು ಹೋದವರು ಸಂಬಳ ಕೇಳುವ ಮೊದಲು, ಹುಡುಗನ ಮನೆಯಲ್ಲಿ ಎಲ್ಲರಿಗೂ ಗಂಟೆ ಕೇಳಿಸುತ್ತದೆಯೇ ಅಂತ ವಿಚಾರಿಸುತ್ತಾರೆ. ಅತ್ತೆಯ ಮೇಲೆ ಮುನಿದ ಸೊಸೆ, ಅತ್ತೆ ಯಾವಾಗ ಹಣೆ ಮುಟ್ಟಿ ಶಿಲುಬೆ ಗುರುತು ಹಾಕುತ್ತಾಳೋ ಅಂತ ಓರೆಗಣ್ಣಿನಲ್ಲಿ ನೋಡಿ ತಾನೂ ಹಾಕುತ್ತಾಳೆ. ಇಗರ್ಜಿಗೆ ಕಾಲಿಡದವರಿಗೂ ಇದೇ ಕಾನೂನು. ಬಟ್ಟೆ ಅಂಗಡಿಯ ಶೆಟ್ಟರು ಪಾಲುದಾರಿಕೆಗೆ ಸಹಿ ಹಾಕುವುದು ಮಧ್ಯಾಹ್ನ ಹನ್ನೆರಡರ ಗಂಟೆ ಆದಮೇಲೆ, ಎದುರಿನವನ ಮುಖ ನೋಡಿಕೊಂಡೇ. ವರ್ಷಕ್ಕೆ ಮೂರು ದಿನ, ಪವಿತ್ರ ಗುರುವಾರದಿಂದ ಶನಿವಾರದವರೆಗೆ, ಗಂಟೆ ಹೊಡೆಯುವ ಕ್ರಮವಿಲ್ಲ. ಸ್ವಾಮಿಗಳಿಗೆ ಪೂಜೆಯಲ್ಲಿ ನೆರವಾಗುವ ಉಪದೇಶಿ ಚೌರಪ್ಪ ಮರದ ಗಿಲಕಿ ತಿರುಗಿಸುತ್ತ ಬೀದಿ ಸುತ್ತುತ್ತಾನೆ. ಗಿಲಕಿ ಎಲ್ಲರಿಗೂ ಕೇಳಿಸುತ್ತದೆ. ಹಳೇ ಜಗಳ ಇಟ್ಟುಕೊಂಡವರೆಲ್ಲ ಆ ಮೂರು ದಿನ ಎದೆಯುಬ್ಬಿಸಿಕೊಂಡು ದೊಡ್ಡ ಬಾಗಿಲಿನಿಂದಲೇ ಬರುತ್ತಾರೆ.

ಹಗ್ಗಕ್ಕೆ ಒಂದೇ ಕಟ್ಟಳೆ: ಗಂಟೆ ಕೇಳಿಸದವರು ಅದನ್ನು ಮುಟ್ಟಕೂಡದು. ನನ್ನ ತಾತ ಎಳೆದ, ಅಪ್ಪ ಎಳೆದ. ಅಪ್ಪನಿಗೆ ಇಬ್ಬರೂ ಹೆಣ್ಣು, ನಾನು ಮತ್ತು ರೆಜಿನ. ರೆಜಿನ ಮದುವೆಯಾಗಿ ಗೋಪುರದ ಹಿಂದಿನ ಬೀದಿಗೆ ಹೋದಳು, ನಾನು ಹಗ್ಗ ಹಿಡಿದೆ. ದಿನಕ್ಕೆ ಮೂರು ಹೊತ್ತು ತ್ರಿಕಾಲ ಜಪದ ಗಂಟೆ: ಮೂರು, ಮೂರು, ಮೂರು, ಕೊನೆಗೆ ಒಂಬತ್ತು. ಸಾವಿನ ಗಂಟೆಗೆ ಬೇರೆ ರೀತಿ. ಗಂಡಸಾದರೆ ಮೂರು, ಹೆಂಗಸಾದರೆ ಎರಡು. ಒಂದಿಷ್ಟು ಹೊತ್ತು ಬಿಟ್ಟು, ಸತ್ತವರಿಗೆ ಎಷ್ಟು ವಯಸ್ಸೋ ಅಷ್ಟು. ಹೆಸರು ಸಾರಬೇಕಾಗಿಲ್ಲ. ಊರು ಎಣಿಸಿಕೊಂಡು, ಯಾರು ಅಂತ ತಿಳಿದು, ಚಪ್ಪಲಿ ಮೆಟ್ಟಿ ಹೊರಡುತ್ತದೆ.

ಈ ವರ್ಷ ಹೊಸ ಸ್ವಾಮಿಗಳು ಬಂದರು, ಫಾದರ್ ಬೊನವೆಂಚರ್. ದಪ್ಪ ಕನ್ನಡಕ, ಎರಡು ಪೆಟ್ಟಿಗೆ ಪುಸ್ತಕ, ಸದಾ ಕೈಗಡಿಯಾರದ ಮೇಲೆ ಕಣ್ಣು. ನಮ್ಮ ಗಂಟೆಯ ಗುಣ ಅವರಿಗೆ ಯಾರೂ ಹೇಳಲಿಲ್ಲ. ಹೊರಗಿನವರಿಗೆ ಹೇಳುವ ರೂಢಿ ನಮ್ಮಲ್ಲಿಲ್ಲ. ಹೇಳಿದರೆ ನಂಬುವುದಿಲ್ಲ, ನಂಬಿದರೆ ಇನ್ನೂ ಕಷ್ಟ. ಅವರು ಬಂದು ಒಂದು ತಿಂಗಳಿಗೆ ಇನ್ನೂರನೇ ವರ್ಷದ ಹಬ್ಬದ ಸಭೆ ಕರೆದರು. ಬಿಷಪ್ಪರು ಬರುತ್ತಾರೆ, ಗೋಡೆಗೆ ಸುಣ್ಣ ಆಗಬೇಕು ಅಂತೆಲ್ಲ ಆದಮೇಲೆ ಗಂಟಲು ಸರಿಮಾಡಿಕೊಂಡು, "ಗಂಟೆಗೆ ಒಂದು ವಿದ್ಯುತ್ ಯಂತ್ರ ಹಾಕಿಸೋಣ ಎಂದಿದ್ದೇನೆ. ಈಗಿನ ವ್ಯವಸ್ಥೆ ನನಗೇನೂ ತೃಪ್ತಿಕರವಾಗಿ ಕಾಣುತ್ತಿಲ್ಲ" ಅಂದರು.

ಎಲ್ಲರೂ ನನ್ನ ಮುಖ ನೋಡಿದರು. ಆಗ ನನ್ನ ಒಡಹುಟ್ಟಿದ ರೆಜಿನ ಎದ್ದು ನಿಂತಳು. ನನ್ನ ಪರವಾಗಿ ನಾಲ್ಕು ಮಾತು ಬಿಗಿಯುತ್ತಾಳೆ ಅಂತ ನಾನು ಸೆರಗು ಹೊದ್ದು ನೆಟ್ಟಗೆ ಕೂತೆ.

"ಹಾಕ್ಸಿ ಸ್ವಾಮಿ. ಅಕ್ಕನಿಗೆ ಬಲಗೈ ಎತ್ತಿ ತಲೆ ಬಾಚ್ಕೊಳಕ್ಕೂ ಆಗಲ್ಲ. ರಾತ್ರಿಯೆಲ್ಲ ಭುಜ ಹಿಡ್ಕೊಂಡು ನರಳ್ತಾಳೆ. ಮೋಟಾರು ಬರಲಿ" ಅಂದಳು.

ನನ್ನ ಮೈ ಉರಿದುಹೋಯಿತು. ಭುಜ ನೋವಿದ್ದದ್ದು ನಿಜ. ನಿಜವಾದರೇನು, ಊರ ಮುಂದೆ ಹೇಳುವ ಮಾತೇ ಅದು. ಮನೆಗೆ ಬಂದು ಅವಳು ಕಳಿಸಿದ್ದ ಮಾವಿನಕಾಯಿ ತೊಕ್ಕಿನ ಜಾಡಿಯನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಜಾಡಿಗೆ ಮುಖ ಎಲ್ಲಿ ಅಂತ ಕೇಳಬೇಡಿ, ನನಗೆ ಆಗ ಕಾಣಿಸಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಗೋಪುರದ ಬಾಗಿಲು ತೆಗೆದು ಹಗ್ಗ ಎಳೆದೆ. ಸದ್ದಿಲ್ಲ. ಮತ್ತೆ ಎಳೆದೆ. ಮೇಲೆ ತೊಲೆ ಕಿರುಗುಟ್ಟಿದ್ದು ಕೇಳಿಸಿತು, ಪಾರಿವಾಳ ಬೆದರಿ ಪಟಪಟ ಹಾರಿದ್ದು ಕೇಳಿಸಿತು, ಎದುರು ಮನೆಯವರು ‘ದೇವದೂತ ಮರಿಯಮ್ಮನಿಗೆ ವರ್ತಮಾನ ಹೇಳಿದ’ ಅನ್ನುವ ಬೆಳಗಿನ ಜಪ ಶುರುಮಾಡಿದ್ದು ಕೇಳಿಸಿತು. ಕ್ಲಾರ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಳು. ಸಿಟ್ಟು ಬಂದಿದೆ ಅಂತ ನನಗೆ ಗೊತ್ತಿತ್ತು. ಅಷ್ಟು ಬಂದಿದೆ ಅಂತ ಗೊತ್ತಿರಲಿಲ್ಲ. ಹಗ್ಗವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ, ಯಾಕೆಂದರೆ ವಿಷಯ ಹೊರಬಿದ್ದರೆ ಮೋಟಾರು ಬರುವವರೆಗೂ ಕಾಯಬೇಕಾಗಿಲ್ಲ, ಅವತ್ತೇ ಹಗ್ಗ ಕೈಬಿಟ್ಟುಹೋಗುತ್ತದೆ. ಹಗ್ಗ ಬಿಟ್ಟರೆ ನನಗೆ ಈ ಊರಿನಲ್ಲಿ ಬೇರೆ ಏನಿದೆ ಹೇಳಿ. ಗಂಡ ಹೋಗಿ ಇಪ್ಪತ್ತು ವರ್ಷ, ಮಕ್ಕಳಿಲ್ಲ. ಆರು, ಹನ್ನೆರಡು, ಆರು, ಈ ಮೂರು ಹೊತ್ತಿನ ಮೇಲೆ ನಾನು ನಿಂತಿದ್ದೆ.

ಬಾಯಿಗೆ ಬೀಗ ಹಾಕಿಕೊಂಡೆ. ಹಗ್ಗದ ನಡುಕವನ್ನು ಅಂಗೈಯಲ್ಲಿ ಎಣಿಸಿ, ಪಾರಿವಾಳದ ರೆಕ್ಕೆ ನೋಡಿ, ಐದು ವಾರ ಒಂದು ಏಟು ಹೆಚ್ಚುಕಮ್ಮಿಯಾಗದಂತೆ ಹೊಡೆದೆ. ಒಂದು ಸಮಾಧಾನವಿತ್ತು. ನನಗೇ ಇಷ್ಟು ಮುನಿಸಿದ್ದರೆ ರೆಜಿನಳಿಗೆ ಇನ್ನೆಷ್ಟಿರಬೇಕು, ಅವಳಿಗೂ ಗಂಟೆ ಕೇಳಿಸುತ್ತಿರಲಾರದು, ಚೆನ್ನಾಗಿ ಆಯಿತು ಅಂದುಕೊಂಡೆ. ಆದರೂ ಭಾನುವಾರ ಅವಳು ಸರಿಯಾದ ಹೊತ್ತಿಗೆ ದೊಡ್ಡ ಬಾಗಿಲಿನಿಂದ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಪಕ್ಕದ ಮನೆಯವರನ್ನು ನೋಡಿಕೊಂಡು ಹೊರಡುತ್ತಾಳೆ, ಕಳ್ಳಿ, ಅಂತ ಹಲ್ಲು ಕಡಿದೆ.

ಹಬ್ಬಕ್ಕೆ ಮೂರು ದಿನ ಇರುವಾಗ ಗೋಪುರಕ್ಕೆ ಸುಣ್ಣ ಹೊಡೆಯಲು ಹಯಾತ್ ಸಾಬಿ ಏಣಿ ಹತ್ತಿದ. ಕಿವಿಯ ಪಕ್ಕ ಗಂಟೆ ಹೊಡೆದರೆ ಬಿದ್ದೇ ಹೋಗುತ್ತೇನೆ ಅಂತ ಗಂಟೆಯ ನಾಲಿಗೆಗೆ ಗೋಣಿತಟ್ಟು ಸುತ್ತಿ ಕಟ್ಟಿದ. "ನಾಳೆ ಸಂಜೆವರೆಗೂ ಹಿಂಗೇ ಇರ್ಲಿ ತೆಕ್ಲಮ್ಮ" ಅಂದ. ಚೌರಪ್ಪ ಗಿಲಕಿ ಹಿಡಿದು ಬೀದಿ ಸುತ್ತಿದ. ಎರಡನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ, ಅಡಿಗೆ ಮುಗಿಸಿ ಕೂತರೆ ನನ್ನ ಕೈ ಸುಮ್ಮನಿರಲಿಲ್ಲ. ಗೋಪುರಕ್ಕೆ ಹೋದೆ. ಹೇಗೂ ನಾಲಿಗೆ ಕಟ್ಟಿದೆ, ಯಾರಿಗೂ ಕೇಳಿಸುವುದಿಲ್ಲ, ಕೈಯ ಚಪಲ ತೀರಿಸಿಕೊಳ್ಳೋಣ ಅಂತ ಎರಡು ಸಲ ಜೋರಾಗಿ ಎಳೆದೆ. ಭುಜ ಛಳಕ್ ಅಂತು. ಮೆಟ್ಟಿಲ ಮೇಲೆ ಕೂತು ತಿಕ್ಕಿಕೊಂಡೆ. ತಿಕ್ಕಿಕೊಳ್ಳುತ್ತಿದ್ದರೆ ರೆಜಿನ ಸಭೆಯಲ್ಲಿ ಎದ್ದು ನಿಂತದ್ದು ನೆನಪಾಯಿತು. ಮತ್ತೆ ಹಗ್ಗ ಹಿಡಿದು, ಅವಳ ಒಂದೊಂದು ತಪ್ಪಿಗೆ ಒಂದೊಂದು ಸಲ ನಿಧಾನವಾಗಿ ಎಳೆಯತೊಡಗಿದೆ. ನನ್ನ ಗೊಂಬೆಯ ತಲೆ ಕಿತ್ತದ್ದಕ್ಕೆ ಒಂದು. ಮೊದಲ ದಿವ್ಯಪ್ರಸಾದದ ದಿನ ನನ್ನ ಬಿಳಿ ಲಂಗಕ್ಕೆ ನೇರಳೆ ಹಣ್ಣು ಒರೆಸಿದ್ದಕ್ಕೆ ಒಂದು. ಅಪ್ಪನ ಹತ್ತಿರ ಚಾಡಿ ಹೇಳಿದ್ದಕ್ಕೆ ಆರು. ನನ್ನ ಮದುವೆಯಲ್ಲಿ ನನಗಿಂತ ಒಳ್ಳೆಯ ಸೀರೆ ಉಟ್ಟದ್ದಕ್ಕೆ ಒಂದು. ಹೀಗೆ ನೆನಪಿಗೆ ಬಂದದ್ದಕ್ಕೆಲ್ಲ ಎಳೆದು, ಕೊನೆಗೆ ಮೋಟಾರಿಗೆ ಒಂದು. ಅಲ್ಲಿಗೆ ತಪ್ಪು ಮುಗಿಯಿತು. ಎಷ್ಟಾಯಿತು ಅಂತ ನಾನು ಎಣಿಸಿರಲಿಲ್ಲ.

ಹಯಾತ್ ಸಾಬಿ ಕೆಲಸ ಬೇಗ ಮುಗಿಸಿ ಬೆಳಿಗ್ಗೆಯೇ ಗೋಣಿತಟ್ಟು ಬಿಚ್ಚಿ ಹೋಗಿದ್ದ.

ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡು, ಬೆವರು ಒರೆಸಿಕೊಂಡು ಹೊರಗೆ ಬಂದರೆ ಅಂಗಳದ ತುಂಬ ಜನ. ಗಂಡಸರು ಟವೆಲ್ಲು ತಲೆಯಿಂದ ಇಳಿಸಿ ಕೈಯಲ್ಲಿ ಹಿಡಿದಿದ್ದರು. ಒಬ್ಬಳು ಆಗಲೇ ಹೂವು ತಂದಿದ್ದಳು.

"ಯಾರು ಹೋದ್ರು ತೆಕ್ಲಮ್ಮ?" ಅಂತ ಚೌರಪ್ಪ ಮೆಲ್ಲಗೆ ಕೇಳಿದ. "ಹೆಂಗಸು, ಐವತ್ತೆಂಟು. ಆ ವಯಸ್ಸಿನೋರು ಊರಲ್ಲಿ ಮೂರೇ ಜನ, ಮೂರೂ ಮನೆಗೆ ಹೋಗಿಬಂದ್ವಿ. ಒಬ್ಬಳು ಬಟ್ಟೆ ಒಗೀತಾವ್ಳೆ, ಒಬ್ಬಳು ಸಂತೆಗೆ ಹೋಗವ್ಳೆ. ಇನ್ನೊಬ್ಬಳು ಇಲ್ಲೇ ಬಂದವ್ಳೆ, ತಾನೇನಾ ಅಂತ ಕೇಳಕ್ಕೆ."

ಏನು ಹೇಳಬೇಕು ಅಂತ ಹುಡುಕುತ್ತಿರುವಾಗ ಜನ ಎರಡು ಪಾಲಾಗಿ ದಾರಿ ಬಿಟ್ಟರು. ರೆಜಿನ ಬರುತ್ತಿದ್ದಳು. ಮೆಣಸಿನಪುಡಿ ಕುಟ್ಟಿ ಮಾರುವುದು ಅವಳ ಕಸುಬು. ಮೊಣಕೈವರೆಗೂ ಕೆಂಪು, ಮೂಗಿನ ಮೇಲೂ ಕೆಂಪು. ಕಣ್ಣಲ್ಲಿ ನೀರಿತ್ತು, ಮೆಣಸಿನದೋ ಬೇರೆಯದೋ ಗೊತ್ತಾಗಲಿಲ್ಲ.

"ಬದುಕಿರೋಳಿಗೆ ಗಂಟೆ ಹೊಡೀತಾರಾ ಅಕ್ಕ?" ಅಂದಳು. "ಎರಡು ಹೊಡ್ದೆ, ನಿಲ್ಲಿಸ್ದೆ, ಆಮೇಲೆ ಐವತ್ತೆಂಟು. ಒನಕೆ ಹಿಡ್ಕೊಂಡು ಒಂದೊಂದೂ ಎಣಿಸ್ದೆ. ನನ್ನ ವಯಸ್ಸು ಗೊತ್ತಿರೋಳು ಊರಲ್ಲಿ ನೀನೊಬ್ಬಳೇ. ನಾನು ಸಾಯ್ಲಿ ಅನ್ನೋವಷ್ಟು ಏನು ಮಾಡ್ದೆ ನಾನು?"

ಹಿಂದಿನಿಂದ ಒಬ್ಬ ಮುದುಕಿ, "ಐವತ್ತೆಂಟಾ? ನಮಗೆ ಐವತ್ತೆರಡು ಅಂದಿದ್ಯಲ್ಲೇ ರೆಜಿನ" ಅಂದಳು. ಮದುವೆಯ ಹೊತ್ತಿನಲ್ಲಿ ತನ್ನ ವಯಸ್ಸು ಆರು ವರ್ಷ ಇಳಿಸಿಕೊಂಡವಳು ರೆಜಿನ. ಹುಟ್ಟಿದ ದಿನ ಬರೆದಿಡುವ ಜ್ಞಾನಸ್ನಾನದ ಪುಸ್ತಕಕ್ಕೆ ಗೆದ್ದಲು ಹಿಡಿದದ್ದರಿಂದ ಅದು ಇಷ್ಟು ಕಾಲ ಬಾಳಿತ್ತು. ಅಂಗಳವೆಲ್ಲ ನಕ್ಕಿತು. ಹೂವು ತಂದವಳು ಹೂವಿನಲ್ಲೇ ಬಾಯಿ ಮುಚ್ಚಿಕೊಂಡಳು.

ನಾನು ನಗಲಿಲ್ಲ. ನನಗೆ ಬೇರೆಯದೇ ಹೊಡೆದಿತ್ತು. ಅವಳು ಎಣಿಸಿದ್ದಾಳೆ. ಅವಳಿಗೆ ಗಂಟೆ ಕೇಳಿಸಿದೆ. ಅಂದರೆ ಈ ಐದು ವಾರವೂ ದಿನಕ್ಕೆ ಮೂರು ಹೊತ್ತು ಕೇಳಿಸಿದೆ. ನಾನು ಅವಳ ಬೀದಿಗೆ ಕಾಲಿಡದಿದ್ದಾಗ, ತೊಕ್ಕಿನ ಜಾಡಿ ಹಾಗೇ ವಾಪಸು ಕಳಿಸಿದಾಗ, ಬೆಂಚಿನಲ್ಲಿ ಅವಳು ಸರಿದು ಜಾಗ ಮಾಡಿದರೂ ಕೂರದೆ ಕಂಬಕ್ಕೆ ಒರಗಿ ನಿಂತಾಗ, ಅವಳ ಮನಸ್ಸಿನಲ್ಲಿ ನನ್ನ ಮೇಲೆ ಒಂದು ಗುಲಗಂಜಿಯಷ್ಟೂ ಮುನಿಸಿರಲಿಲ್ಲ. ಇಬ್ಬರ ಜಗಳ ಅಂದುಕೊಂಡು ನಾನೊಬ್ಬಳೇ ಜಗಳವಾಡಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ನೀನು ಹೊಡೀತಿದ್ದದ್ದು ನಿಂಗೇ ಕೇಳಿಸ್ಲಿಲ್ವಾ?" ಅಂತ ಚೌರಪ್ಪ ಕೇಳಿದ. ಬುದ್ಧಿವಂತ, ಬೇಡದ ಹೊತ್ತಿನಲ್ಲೇ ಬುದ್ಧಿ ಓಡುತ್ತದೆ.

"ಇಲ್ಲ. ಐದು ವಾರದಿಂದ ಕೇಳಿಸಿಲ್ಲ" ಅಂದೆ. "ನಾಲಿಗೆ ಕಟ್ಟಿದೆ ಅಂದ್ಕೊಂಡು ಸುಮ್ನೆ ಎಳೀತಿದ್ದೆ. ಅದು ಅವಳ ವಯಸ್ಸಲ್ಲ. ಅವಳ ತಪ್ಪುಗಳು. ಒಂದೊಂದಕ್ಕೆ ಒಂದೊಂದು." ಗೋಪುರದ ಬೀಗದ ಕೈಯನ್ನು ಮೆಟ್ಟಿಲ ಮೇಲೆ ಇಟ್ಟೆ. ಇಡುವಾಗ ಕೈ ಹಿಂಜರಿಯಿತು, ಸುಳ್ಳು ಯಾಕೆ ಹೇಳಲಿ.

"ಐವತ್ತೆಂಟು ತಪ್ಪಾ?" ಅಂದಳು ರೆಜಿನ. ನಾನು ಸಮಾಧಾನವಾದೀತು ಅಂತ ಹೇಳಿದ್ದೆ. ಅವಳ ಮುಖ ಕೈಯಷ್ಟೇ ಕೆಂಪಾಯಿತು. "ಸತ್ತಿದ್ರೆ ವಾಸಿಯಾಗಿತ್ತು" ಅಂತ ತಿರುಗಿ ದಾಪುಗಾಲು ಹಾಕಿ ಹೊರಟಳು.

ಅಷ್ಟರಲ್ಲಿ ಪಕ್ಕದ ತಮ್ಮ ಮನೆಯಿಂದ ಫಾದರ್ ಬೊನವೆಂಚರ್ ಕೈಯಲ್ಲಿ ಪೆನ್ನು ಹಿಡಿದೇ ಬಂದರು. "ಏನಿದು ಗಲಾಟೆ? ಹಬ್ಬದ ಪ್ರಸಂಗ ಬರೆಯಲು ಕೂತರೆ ಬಿಡುವುದಿಲ್ಲವಲ್ಲ ನೀವು."

"ಸಾವಿನ ಗಂಟೆ ಹೊಡೀತಲ್ಲ ಸ್ವಾಮಿ, ಅದಕ್ಕೆ" ಅಂದ ಚೌರಪ್ಪ.

"ಯಾವ ಗಂಟೆ? ನಾನು ಗೋಪುರದ ಪಕ್ಕದಲ್ಲೇ ಕೂತಿದ್ದೆ. ಒಂದು ಸದ್ದೂ ಆಗಲಿಲ್ಲ. ಅದನ್ನೇ ನಾನು ಸಭೆಯಲ್ಲಿ ಹೇಳಿದ್ದು. ಬಂದು ಎರಡು ತಿಂಗಳಾಯಿತು, ಈ ಊರಿನಲ್ಲಿ ಗಂಟೆ ಹೊಡೆದದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಯಂತ್ರ ಮತ್ತೇಕೆ ಬೇಕು ಅಂದುಕೊಂಡಿರಿ?"

ಈಗ ಅಂಗಳ ನಗಲಿಲ್ಲ. ಎಲ್ಲರೂ ಅವರವರ ಕಾಲಿನ ಹೆಬ್ಬೆರಳು ನೋಡಿಕೊಂಡರು. ಸುಣ್ಣದ ಡಬ್ಬ ಇಳಿಸಲು ಆಗಷ್ಟೇ ವಾಪಸು ಬಂದು ಗೋಪುರ ಹತ್ತಿದ್ದ ಹಯಾತ್ ಸಾಬಿ ಕಿಟಕಿಯಲ್ಲಿ ತಲೆಹಾಕಿ, "ಈಗ ನೋಡಿ ಸ್ವಾಮಿ" ಅಂತ ಕೈಯಿಂದಲೇ ನಾಲಿಗೆ ಎತ್ತಿ ಒಂದು ಏಟು ಹೊಡೆದ. ಢಣ್ ಅಂತು. ಐದು ವಾರದ ಮೇಲೆ ಕ್ಲಾರಳ ದನಿ ನನ್ನ ಕಿವಿಗೆ ಬಿತ್ತು. ನಾನು ಗೋಡೆಗೆ ಒರಗಿಕೊಂಡೆ. ಅಳು ತಡೆಯಲು ಆಗಲಿಲ್ಲ. ಅಂಗಳದಲ್ಲಿದ್ದವರೆಲ್ಲ ಕತ್ತೆತ್ತಿ ನೋಡಿದರು. ಇಬ್ಬರು ಎತ್ತಲಿಲ್ಲ. ಒಬ್ಬರು ಸ್ವಾಮಿಗಳು. ಇನ್ನೊಬ್ಬಳು ಬೀದಿಯ ತಿರುವಿನಲ್ಲಿ ಹೋಗುತ್ತಿದ್ದ ರೆಜಿನ.

ಸ್ವಾಮಿಗಳಿಗೆ ವಿಷಯ ಹೇಳುವ ಧೈರ್ಯ ಆ ಮುದುಕಿಗೇ ಬಂತು. ಹೇಳಿ ಮುಗಿಸಿ, "ನಿಮಗೆ ಯಾರ ಮ್ಯಾಲಪ್ಪ ಮುನಿಸು?" ಅಂತ ಮೊಮ್ಮಗನನ್ನು ಕೇಳುವ ಹಾಗೆ ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

"ಬಿಷಪ್ಪರ ಮೇಲೆ" ಅಂದರು. "ಗುರುಮಠದ ಗ್ರಂಥಾಲಯ ನೋಡಿಕೊಳ್ಳಲು ಕಳಿಸುತ್ತೇನೆ ಅಂದಿದ್ದರು. ಇಲ್ಲಿಗೆ ಕಳಿಸಿದರು." ಆಮೇಲೆ ನನ್ನ ಕಡೆ ತಿರುಗಿ, "ಹಾಗಾದರೆ ನೀವು ದಿನವೂ ಹೊಡೆಯುತ್ತಿದ್ದಿರಾ?"

"ಮೂರು ಹೊತ್ತೂ" ಅಂದೆ.

ಮೆಟ್ಟಿಲ ಮೇಲಿನ ಬೀಗದ ಕೈಯನ್ನು ನೋಡುತ್ತ ಚೌರಪ್ಪ, ಕಟ್ಟಳೆ ಪ್ರಕಾರ ಕೇಳಿಸದೆ ಹಗ್ಗ ಮುಟ್ಟಿದವರು ಅಂತ ಶುರುಮಾಡಿದ. ಸ್ವಾಮಿಗಳು, "ಕೇಳಿಸದೆ ಪೂಜೆ ಮಾಡಿದವರಿಗೂ ಒಂದು ಕಟ್ಟಳೆ ಇದೆಯೇ ಉಪದೇಶಿಗಳೇ?" ಅಂತ ಕೇಳಿದರು. ಬೀಗದ ಕೈ ಅಲ್ಲೇ ಉಳಿಯಿತು. ಯಾರೂ ಎತ್ತಿಕೊಳ್ಳಲೂ ಇಲ್ಲ, ನನಗೆ ಕೊಡಲೂ ಇಲ್ಲ. ಆ ಮಧ್ಯಾಹ್ನದ ಹನ್ನೆರಡಕ್ಕೂ ಗಿಲಕಿಯೇ ಆಯಿತು.

ಸಂಜೆ ಐದೂವರೆಗೆ ಸ್ವಾಮಿಗಳು ನನ್ನ ಬಾಗಿಲಿಗೆ ಬಂದರು, ಕೈಯಲ್ಲಿ ಅದೇ ಬೀಗದ ಕೈ. ಬಿಷಪ್ಪರಿಗೆ ನಾಲ್ಕು ಪುಟದ ಕಾಗದ ಬರೆದು, ಪೋಸ್ಟಿಗೆ ಹಾಕಿ ಬಂದಿದ್ದರು. "ಮನಸ್ಸು ಹಗುರವಾಗಿದೆ. ಮುನಿಸೆಲ್ಲ ಹೋಯಿತು. ನಿಮ್ಮ ಭುಜಕ್ಕೆ ಇವತ್ತು ರಜೆ, ನಾನೇ ಎಳೆಯುತ್ತೇನೆ" ಅಂದರು. ನಿಂತ ನೆಲದಲ್ಲೇ ಮೂರು, ಮೂರು, ಮೂರು, ಒಂಬತ್ತು ಅಂತ ಹೇಳಿಕೊಟ್ಟು, ತಪ್ಪದ ಹಾಗೆ ಎರಡು ಸಲ ಒಪ್ಪಿಸಿಕೊಂಡು, ಸೆರಗು ಸರಿಮಾಡಿಕೊಂಡು ಹಿಂದಿನ ಬೀದಿಗೆ ನಡೆದೆ.

ರೆಜಿನ ಹಿತ್ತಲಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ನನ್ನನ್ನು ನೋಡಿ ಒನಕೆಯನ್ನು ಇನ್ನೂ ಜೋರಾಗಿ ಹಾಕಿದಳು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ನಾಲ್ಕು ಸಲ ಸೀನಿದೆ.

"ತಪ್ಪಾಯ್ತು ರೆಜಿ" ಅಂದೆ. ನನ್ನ ಅರವತ್ತೊಂದು ವರ್ಷದಲ್ಲಿ ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು.

"ಯಾರ್ದು? ಎಣಿಸಿ ಹೇಳು."

"ನಂದೇ ಕಣೆ. ಮೋಟಾರಿನ ಮಾತು ನೀನು ನನ್ನ ಭುಜಕ್ಕೋಸ್ಕರ ಅಂದದ್ದು. ಅವತ್ತೂ ಗೊತ್ತಿತ್ತು ನಂಗೆ. ಇವತ್ತು ಹಗ್ಗ ಸ್ವಾಮಿಗಳೇ ಎಳೀತಾರೆ, ಬಿಷಪ್ಪರ ಮೇಲಿದ್ದ ಮುನಿಸು ಹೋಯ್ತಂತೆ ಅವರಿಗೆ."

ಆಗ ಗಂಟೆ ಬಿತ್ತು. ಮೂವತ್ತೆರಡು ವರ್ಷ ಅದರ ಕೆಳಗೇ ನಿಂತಿದ್ದ ನಾನು ಇಷ್ಟು ದೂರದಿಂದ ಅದನ್ನು ಕೇಳಿದವಳೇ ಅಲ್ಲ, ಎಷ್ಟು ಮೆತ್ತಗಿತ್ತು. ರೆಜಿನಳ ಒನಕೆ ನಿಲ್ಲಲಿಲ್ಲ. ಅವಳಿಗೆ ಕೇಳಿಸಿರಲಿಲ್ಲ. ನನ್ನಿಂದ ಅವಳ ಜಪ ತಪ್ಪಬಾರದು ಅಂತ ಅವಳ ಎಡಗೈ ಹಿಡಿದು, ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದೆ. ಎರಡನೆಯದು, ಮೂರನೆಯದು. ಅವಳು ಕೈ ಕಿತ್ತುಕೊಳ್ಳಲಿಲ್ಲ. ಒನಕೆ ಗೋಡೆಗೆ ಒರಗಿಸಿ, ಮುಖ ಆ ಕಡೆ ತಿರುಗಿಸಿಕೊಂಡೇ ನಮೋ ಮರಿಯೆ ಜಪ ಶುರುಮಾಡಿದಳು. ಮತ್ತೆ ಮೂರು ತಟ್ಟಿದೆ, ಮತ್ತೆ ಮೂರು. ಆಮೇಲೆ ಕೊನೆಯ ಒಂಬತ್ತು ಬೀಳತೊಡಗಿತು. ಆರು ತಟ್ಟಿ, ಏಳನೆಯದಕ್ಕೆ ನಾನು ಬೆರಳು ಎತ್ತುವುದರೊಳಗೆ ಅವಳು, "ಏಳು" ಅಂದಳು.

ನಾನು ಬೆರಳನ್ನು ಹಾಗೇ ಹಿಡಿದುಕೊಂಡು ಕೂತೆ. "ಎಂಟು" ಅಂದಳು. "ಒಂಬತ್ತು." ಇಬ್ಬರೂ ಶಿಲುಬೆ ಗುರುತು ಹಾಕಲು ಕೈ ಎತ್ತಿದೆವು.

ಹತ್ತನೆಯದು ಬಿತ್ತು. ಸ್ವಲ್ಪ ತಡೆದು ಹನ್ನೊಂದನೆಯದು.

ರೆಜಿನ ಗೋಪುರದ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಸ್ವಾಮಿಗಳದ್ದು ಇನ್ನೂ ಹೋಗಿಲ್ಲ ಕಣಕ್ಕ" ಅಂದಳು. ಆಮೇಲೆ ಮೆಣಸಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಬಲಭುಜ ಹಿಡಿದು ತಿಕ್ಕುತ್ತ, "ಓಡು, ಹೋಗಿ ಹಗ್ಗ ಕಿತ್ಕೊ. ಬಿಟ್ರೆ ಬಿಷಪ್ಪರ ವಯಸ್ಸು ಪೂರ್ತಿ ಹೊಡೀತಾರೆ" ಅಂದಳು.